ಕಿವಿಗೆ ಹಿಡಿದ ಟೇಪು

ನಾಳೆ ಸಂಘದ ಚುನಾವಣೆ ಅನ್ನುವಾಗ ಡಿಸ್ಕ್ ಕೆಟ್ಟು ಸದಸ್ಯರ ಪಟ್ಟಿಯೇ ಮಾಯ. ರಿಪೇರಿಗೆ ಹೋದ ನಾನು ಅರಸೀಕೆರೆಯ ಆ ತೆಂಗು ಬೆಳೆಗಾರರ ಸಂಘದ ಲಿನಕ್ಸ್ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ, ಬ್ಯಾಕಪ್ ಟೇಪ್ ಕೊಡಿ ಅಂದೆ.

ಗುಮಾಸ್ತ ಸಿದ್ದಪ್ಪನವರು ಎರಡು ಟೇಪ್ ತಂದು, ಅಟ್ಟದ ಕಾಯಿ ಒಣಗಿ ಕೊಬ್ಬರಿಯಾಯಿತೇ ಎಂದು ನೋಡುವ ಹಾಗೆ, ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಇದು ಲೊಡಲೊಡ ಅಂತೈತೆ, ಕೊಬ್ಬರಿ ಆಗೈತೆ. ಅದು ಸದ್ದೇ ಮಾಡಲ್ಲ, ಇನ್ನೂ ಹಸಿ ಕಣ್ರೀ.”

ನಗು ತಡೆದುಕೊಂಡು, ಲೊಡಲೊಡ ಅಂದಿದ್ದನ್ನೇ ಹಾಕಿ ರಿಸ್ಟೋರ್ ಕಮಾಂಡ್ ಕೊಟ್ಟೆ. ಓದಲಾಗುತ್ತಿಲ್ಲ ಎಂದಿತು ಕಂಪ್ಯೂಟರ್. ತೆಗೆದು ನೋಡಿದರೆ ಟೇಪಿನ ಒಳಗಿನ ಚಕ್ರವೇ ಮುರಿದು ಸದ್ದು ಮಾಡುತ್ತಿತ್ತು. ‘ಹಸಿ’ಯದನ್ನು ಹಾಕಿದೆ. ಹೆಸರುಗಳೆಲ್ಲ ಸಾಲಾಗಿ ಬಂದವು.

ಸಿದ್ದಪ್ಪನವರು ಸೋಲೊಪ್ಪಲಿಲ್ಲ. “ನೀರಿರೋದು ಹಸಿ ಕಾಯಲ್ಲೇ ಅಲ್ವೇ?”

ಈಗಲೂ ರಿಸ್ಟೋರ್ ಮಾಡುವ ಮುಂಚೆ ಟೇಪನ್ನು ಕಿವಿ ಹತ್ತಿರ ಅಲ್ಲಾಡಿಸುತ್ತೇನೆ. ಸದ್ದು ಬಂದರೆ ಮಾತ್ರ ಹಾಕುವುದಿಲ್ಲ.