ಒಂದು ಅಂತಸ್ತಿನ ಸೊಪ್ಪು

ಕೊನೆಯ ರೇಡಿಯೇಷನ್ ಮುಗಿದು ನಾಲ್ಕು ತಿಂಗಳಾಗಿದ್ದರೂ, ಸೀರೆ ಉಟ್ಟರೆ ಸಾಕು, ತಿಪ್ಪಸಂದ್ರದ ವನಜಾಕ್ಷಿ ಅರ್ಧ ಗಂಟೆ ಕೂರಬೇಕಾಗುತ್ತಿತ್ತು. ಸ್ತನದ ಗಡ್ಡೆ ಹೋಗಿತ್ತು. ರಕ್ತ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಉಳಿದದ್ದು ಸುಸ್ತು. ಅದನ್ನು ಅಳೆಯುವ ಉಪಕರಣವಿಲ್ಲದ್ದರಿಂದ ಮನೆಯವರು ಒಮ್ಮೊಮ್ಮೆ ನಂಬುತ್ತಿದ್ದರು, ಒಮ್ಮೊಮ್ಮೆ ಇಲ್ಲ.

ಇಪ್ಪತ್ತೆರಡು ವರ್ಷ ರೇಷ್ಮೆಹುಳುವಿನ ಮನೆ ಅವಳ ಕೈಯಲ್ಲಿತ್ತು. ಈಗ ಗಂಡ ಮಂಚಯ್ಯ, ಈ ಬೆಳೆಯೇ ಕೊನೆ, ಹುಳು ಸಾಕುವ ನಾಲ್ಕು ಅಂತಸ್ತಿನ ಸ್ಟ್ಯಾಂಡನ್ನು ಬಿಚ್ಚಿ ಆ ಜಾಗವನ್ನು ಕುರಿಗಳಿಗೆ ಬಿಡುತ್ತೇನೆ ಎಂದಿದ್ದ. ಅವಳಿಗೆ ಅದು ಬೇಡವಾಗಿತ್ತು.

ಹುಳು ಪೊರೆ ಬಿಡುವ ಮುನ್ನ ಒಂದು ದಿನ ತಲೆಯೆತ್ತಿ ನಿಶ್ಚಲವಾಗುತ್ತದೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ. ಅತ್ತೆ ದಾಸಮ್ಮ ಸೊಸೆಗೂ ಅದೇ ನಿಯಮ ಮಾಡಿದ್ದಳು.

"ಪೊರೆ ಬುಡೋ ಹುಳಾನ ಅಲ್ಲಾಡ್ಸಿದ್ರೆ ಎಕ್ಕುಟ್ಟೋಗ್ತದೆ. ನೀನೂ ಸುಮ್ಕೆ ಮನೀಕೊ ಕಣವ್ವ, ತಾನಾಗೇ ಎದ್ದೀಯೆ."

ವನಜಾಕ್ಷಿ ನಂಬಿ ಮಲಗಿದಳು. ಹುಳು ಮರುದಿನ ಹಸಿದು ಏಳುತ್ತದೆ. ಅವಳು ಆರು ವಾರ ಮಲಗಿ ಮೊದಲಿಗಿಂತ ಹೆಚ್ಚು ಬಳಲಿದಳು. ಹೋಲಿಕೆ ಒಪ್ಪವಾಗಿತ್ತು, ಸ್ನಾಯುಗಳು ಅದಕ್ಕೆ ಬದ್ಧವಾಗಿರಲಿಲ್ಲ.

ತಪಾಸಣೆಗೆ ಹೋದಾಗ ನರ್ಸ್ ಹಾಜಿರಾ, "ಮಲಗಿದಷ್ಟೂ ಸುಸ್ತು ಜಾಸ್ತಿ ಆಗುತ್ತಮ್ಮ. ದಿನಾ ಒಂಚೂರು ಕೆಲಸ ಮಾಡಿ. ಚೆನ್ನಾಗಿದೀನಿ ಅನ್ನಿಸಿದ ದಿನಾನೂ ಅಷ್ಟೇ ಮಾಡಿ" ಎಂದಳು.

ಕೊನೆಯ ಮಾತು ಮರೆತುಹೋಯಿತು. ಹುಳುಗಳು ಕೊನೆಯ ಪೊರೆ ಬಿಟ್ಟೆದ್ದ ಬೆಳಿಗ್ಗೆ ಮೈ ಹಗುರವೆನಿಸಿ, ನಾಲ್ಕು ಅಂತಸ್ತಿಗೂ ತಾನೇ ಸೊಪ್ಪು ಹಾಕಿದಳು. ಆಮೇಲೆ ಮೂರು ದಿನ ಏಳಲಾಗಲಿಲ್ಲ.

"ಸಾಕು, ಬಿಚ್ಚಾಕ್ಬುಡ್ತೀನಿ" ಎಂದ ಮಂಚಯ್ಯ. "ನೀನು ಹುಳಾನ ನೋಡ್ಕಳದಾ, ಹುಳ ನಿನ್ನ ನೋಡ್ಕಳದಾ?"

"ಕೈಗೆಟುಕೋ ಅಂತಸ್ತು ಒಂದು ನಂದು. ಮಿಕ್ಕಿದ್ದು ನೀವು ನೋಡ್ಕಳಿ. ನಂದು ಕೆಟ್ರೆ ಬಿಚ್ಚಿ."

"ಒಂದೇಯಾ?"

"ಒಂದೇಯ. ಮೈ ಚೆಂದಾಗಿದ್ರೂ ಒಂದೇಯ."

ಮರುದಿನದಿಂದ ಸ್ಟೂಲಿನ ಮೇಲೆ ಕೂತು ಹಾಕಿದಳು. ಅರ್ಧಕ್ಕೆ ನಿಲ್ಲಿಸಿ ಗೋಡೆಗೊರಗುತ್ತಿದ್ದಳು. ಉಸಿರು ಕೂಡಿಕೊಂಡ ಮೇಲೆ ಮತ್ತೆ. ಹೀಗೆ ನಾಲ್ಕು ದಿನ. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುವ ದಿನ, ತನ್ನ ಅಂತಸ್ತಿನವನ್ನು ತಾನೇ ಆರಿಸಿದಳು. ಒಂದೂ ಕೆಟ್ಟಿರಲಿಲ್ಲವೆಂದಲ್ಲ, ಉಳಿದ ಅಂತಸ್ತುಗಳಲ್ಲಿ ಕೆಟ್ಟಷ್ಟೇ ಕೆಟ್ಟಿದ್ದವು. ಮೇಲಿನದರಲ್ಲಿ ಇನ್ನೂ ಹುಳುಗಳಿದ್ದವು. ಕೈ ಅತ್ತ ಹೋಯಿತು. ಬೆರಳುಗಳನ್ನು ಮಡಿಲಿಗೆ ಎಳೆದುಕೊಂಡಳು.

ಮಂಚಯ್ಯ ಬಾಗಿಲಲ್ಲೇ ನಿಂತು ನೋಡುತ್ತಿದ್ದ. "ಮುಂದ್ಲ ಬೆಳೆಗೆ ಮರಿಹುಳ ಯಾವಾಗ ತರ್ಸನ?"

"ನಾಳೆ ಕೇಳಿ" ಎಂದಳು ಕಣ್ಣುಮುಚ್ಚಿ. "ಈಗ ಮಾತಾಡಕೂ ಆಯ್ತಿಲ್ಲ."