ಮಂಗಳವಾರ ಚಿತ್ರ ತೆಗೆದ ಮನೆ

ರಾಣೆಬೆನ್ನೂರಿನಲ್ಲಿ ಮನೆ, ಸೈಟು ಮಾರಿಸುವವರ ಹತ್ತಿರ ನನ್ನ ಕೆಲಸ. ಕಲಿತದ್ದು ಏಳನೆಯ ಇಯತ್ತೆವರೆಗೆ. ಆದರೂ ಸುತ್ತಲೂ ನೋಡುವ ಕ್ಯಾಮೆರಾವನ್ನು ಕೋಣೆ ಕೋಣೆಯಲ್ಲೂ ನಿಲ್ಲಿಸಿ, ಜನ ಫೋನಿನ ಮೇಲೆ ಬೆರಳಾಡಿಸಿ ಮನೆಯೊಳಗೆ ತಿರುಗಾಡುವಂತೆ ಮಾಡುವುದು ಬೇಗ ಕೈಗೆ ಹತ್ತಿತು. ಇದರಿಂದ ಉಪಕಾರವಿದೆ. ಪರವೂರಿನವರು ರಜೆ ಹಾಕದೆ ಮನೆ ನೋಡುತ್ತಾರೆ. ಮೊದಲು ಗಂಡಸರಷ್ಟೇ ನೋಡಿ ಮುಗಿಸುತ್ತಿದ್ದ ಮನೆಗಳಲ್ಲಿ ಈಗ ಹೆಂಗಸರೂ ಅಡುಗೆಯ ಕಟ್ಟೆ ಎತ್ತರವಾಯಿತು ಎನ್ನುತ್ತಾರೆ.

ಹಾವೇರಿಯ ಒಂದು ಮನೆ ಮಾತ್ರ ಮಾರಿ ಹೋಗುತ್ತಿರಲಿಲ್ಲ. ಹಿತ್ತಿಲ ಗೋಡೆಯಾಚೆ ಖಾರದ ಪುಡಿಯ ಗಿರಣಿ. ಬಂದವರು ಕೆಮ್ಮುತ್ತ ತಿರುಗಿ ಹೋಗುತ್ತಿದ್ದರು.

"ಮಂಗಳವಾರ ಗಿರಣಿ ಬಂದ್ ಇರತೈತಿ, ಅವತ್ತ ಹೋಗು. ಹಿಂದಿನ ಕಿಟಕಿಗೆ ಪರದೆ ಎಳಿ," ಎಂದರು ನನಗೆ ಕೆಲಸ ಕೊಟ್ಟ ಮಾಲಕರು. ಹಾಗೆಯೇ ಮಾಡಿದೆ. ಬೆಳಕು ಚೆನ್ನಾಗಿ ಬಿದ್ದಿತ್ತು. ಅಷ್ಟು ಚೆಂದದ ಚಿತ್ರವನ್ನು ಅದುವರೆಗೆ ಮಾಡಿರಲಿಲ್ಲ. ಬ್ಯಾಡಗಿಯಲ್ಲಿದ್ದ ಅಕ್ಕ ನೋಡಿ ಹೊಗಳಲಿ ಎಂದು ಅವಳ ಫೋನಿಗೆ ಕಳಿಸಿದೆ.

ಅಕ್ಕ ಅಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿ ಎದೆ ಕೆಡಿಸಿಕೊಂಡವಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ. ಘಾಟಿನಿಂದ ದೂರ ಹೋಗದಿದ್ದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಆ ವಾರ ಅವಳಿಗೆ ಬಸ್ಸು ಹತ್ತುವಷ್ಟೂ ಉಸಿರಿರಲಿಲ್ಲ.

ಸಂಜೆ ಫೋನು ಮಾಡಿದಳು. "ನಾಕ ಸಲ ಅಡ್ಡಾಡಿ ಬಂದೆ ನೋಡೋ. ಕಾಲು ನೋಯಲಿಲ್ಲ, ತೇಕೂ ಬರಲಿಲ್ಲ! ದೇವರ ಜಗಲಿ ಎಲ್ಲಿ ಅಂತನೂ ಗೊತ್ತು ಮಾಡೇನಿ. ಅಲ್ಲಿ ಘಾಟ ಇಲ್ಲಲ್ಲೋ ತಮ್ಮಾ?"

ಹೇಳಬೇಕಾದ ಹೊತ್ತು ಅದೇ. ಆದರೆ ನನ್ನ ಚಿತ್ರವಷ್ಟನ್ನೇ ನೋಡಿ ಮನೆ ಕೊಳ್ಳಲು ಹೊರಟವರಲ್ಲಿ ಅಕ್ಕನೇ ಮೊದಲನೆಯವಳು.

"ಇಲ್ಲಕ್ಕಾ," ಎಂದೆ.

"ನೀ ನೋಡೀಯಲ್ಲ, ನಾ ನೋಡಿದಂಗ ಆತು."

ಬ್ಯಾಡಗಿಯ ಮನೆ ಮಾರಿ ಬಂದಳು. ಹಾಲು ಉಕ್ಕಿಸುವ ಹೊತ್ತಿಗೇ ಹಿಂದೆ ಗಿರಣಿ ತಿರುಗತೊಡಗಿತು. ಸೆರಗು ಬಾಯಿಗೊತ್ತಿಕೊಂಡು ಒಲೆಯ ಮುಂದೆಯೇ ಕುಸಿದಳು. ಆಸ್ಪತ್ರೆಯಿಂದ ಬಂದ ಮೇಲೂ ಓಣಿಯವರಿಗೆಲ್ಲ ಹೇಳುತ್ತಿದ್ದಳು, "ಪಾಪ, ನಮ್ಮ ತಮ್ಮಗೂ ಗೊತ್ತಿರಲಿಲ್ಲರಿ." ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.

ಕಳೆದ ತಿಂಗಳು ಆ ಮನೆ ಮಾರಬೇಕೆಂದು ನನ್ನನ್ನು ಕರೆಸಿಕೊಂಡಳು. "ನೀನ ಫೋಟೋ ತಗಿ. ಮಂಗಳವಾರ ಬಾ, ಗಿರಣಿ ಬಂದ್..." ಎಂದವಳು ಅಲ್ಲಿಗೇ ನಿಂತಳು. ಹಿಂದಿನ ಕಿಟಕಿಯ ಪರದೆಯತ್ತ ತಿರುಗಿದಳು. ಅದು ಅವಳು ಬರುವ ಮೊದಲೇ ಅಲ್ಲಿದ್ದ ಪರದೆ.

"ಆವಾಗೂ ಮಂಗಳವಾರನ ಬಂದಿದ್ಯೇನೋ?"

"ನೆನಪಿಲ್ಲಕ್ಕಾ."

ಬೈಯಲಿಲ್ಲ. ಉಸಿರು ಕೂಡಿಸಿಕೊಂಡು ಹೇಳಿದಳು, "ಹಂಗಾರ ಬುಧವಾರ ಬಾ. ಗಿರಣಿ ಚಾಲೂ ಇರಲಿ, ಪರದೆ ಸರಿಸಿ ತಗಿ. ಮತ್ತೊಬ್ಬಾಕಿ ಹಿಂಗ ಬಂದು ಬೀಳೂದು ಬ್ಯಾಡ."

ಬುಧವಾರ ಹೋದೆ. ಅವಳು ಕ್ಯಾಮೆರಾಕ್ಕೆ ಸಿಗದಂತೆ ಬಚ್ಚಲಲ್ಲಿ ನಿಂತು ಕೆಮ್ಮಿದಳು. ಚಿತ್ರದಲ್ಲಿ ಗಿರಣಿಯ ತಗಡು, ಕಿಟಕಿಯ ಕಟ್ಟೆಯ ಮೇಲಿನ ಕೆಂಪು ಧೂಳು ಎಲ್ಲ ಕಾಣುತ್ತದೆ. ಇಂದಿನವರೆಗೆ ಆ ಮನೆ ಕೇಳಿ ಯಾರೂ ಫೋನು ಮಾಡಿಲ್ಲ. ಅಕ್ಕ ಅಲ್ಲಿಯೇ ಇದ್ದಾಳೆ, ಹಸಿ ಬಟ್ಟೆ ಮೂಗಿಗೆ ಕಟ್ಟಿಕೊಂಡು.

ನಾನು ಮೊದಲ ಸಲ ಆ ಮನೆಯ ಚಿತ್ರ ತೆಗೆದದ್ದು ಮಂಗಳವಾರವೇ ಆಗಿತ್ತು. ಅವಳ ಮುಂದೆ ಇದನ್ನು ಇನ್ನೂ ಹೇಳಿಲ್ಲ.