ಸುಣ್ಣ ಬೇಡವೆಂದ ಪೀರಾಂಬಿ

1974ರಲ್ಲಿ ಪೀರಾಂಬಿ ಮೂರು ಮೀನುಗಳಿಗೆ ಮನೆ ಕಟ್ಟಿಕೊಡಲು ಹೋಗಿ ಮೂರನ್ನೂ ಸಾಯಿಸಿದಳು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿ ಇದನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕಿತು. ನಾನೂ ನಕ್ಕವನೇ. ಅದಕ್ಕಾಗಿ ಈಗಲೂ ನಾಚಿಕೆಯಾಗುತ್ತದೆ.

ಆಕೆಯ ಗಂಡ ಚಮನಸಾಬ ಫೋಟೋಗಳಿಗೆ ಕಟ್ಟು ಹಾಕುವವನು. ಅಂಗಡಿಯಲ್ಲಿ ಉಳಿದ ಗಾಜನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕೂಡಿಸಿ ಒಂದು ಪೆಟ್ಟಿಗೆ ಮಾಡಿ, ಸೊಲ್ಲಾಪುರದಿಂದ ಮೂರು ಕೆಂಪು ಮೀನು ತಂದ. ಒಳಗೆ ಏನಿಡಬೇಕೆಂದು ಯಾರಿಗೆ ಗೊತ್ತು? ಪೀರಾಂಬಿ ಇಟ್ಟಿಗೆ ಚೂರುಗಳಿಂದ ಪುಟ್ಟ ಕಮಾನು ಕಟ್ಟಿ, ದಪ್ಪಗೆ ಸುಣ್ಣ ಬಳಿದು ಇಟ್ಟಳು. ಸುಣ್ಣವಿಲ್ಲದ ಹೊಸ ಮನೆಗೆ ಯಾರಾದರೂ ಕರೆಯುತ್ತಾರೆಯೇ? ಸುಣ್ಣ ನೀರಿಗಿಳಿಯಿತು. ಸಂಜೆಯೊಳಗೆ ಮೂರೂ ಮೀನು ತೇಲಿದವು.

“ಇನ್ನ ಪೆಟ್ಟಿಗಿಗೆ ಕೈ ಹಚ್ಚಬ್ಯಾಡ,” ಅಂದ ಚಮನಸಾಬ. ಪೆಟ್ಟಿಗೆಯನ್ನು ಬರಿದು ಮಾಡಿ ಅಟ್ಟಕ್ಕೇರಿಸಿದ. ಓಣಿಯ ನಗುವಿಗಿಂತ ಆ ಒಂದು ಮಾತು ಆಕೆಯನ್ನು ಹೆಚ್ಚು ನೋಯಿಸಿತು.

ಪೀರಾಂಬಿ ಅಳುತ್ತ ಕೂಡುವವಳಲ್ಲ. ತವರೂರು ಕಾಖಂಡಕಿಯ ಬಾವಿಯಿಂದ ಒಂದು ಕರಿ ಮೀನು ತಂದು ಹಿತ್ತಲಿನ ಬಕೀಟಿನಲ್ಲಿ ಬಿಟ್ಟಳು. ಪೆಟ್ಟಿಗೆಯಲ್ಲಿಡಲು ಯೋಗ್ಯವೆನಿಸಿದ ಒಂದೊಂದು ವಸ್ತುವನ್ನೂ ಮೂರು ಮೂರು ದಿನ ಅದರ ಜೊತೆ ಇಟ್ಟು ನೋಡಿದಳು. ಮೀನು ಮೇಲೆ ಬಂದು ಬಾಯಿ ತೆರೆದರೆ ತಕ್ಷಣ ಬೇರೆ ನೀರಿಗೆ ಹಾಕಿ, ಆ ವಸ್ತುವನ್ನು ತಿಪ್ಪೆಗೆ ಎಸೆಯುತ್ತಿದ್ದಳು. ಬಳೆ ಚೂರು ರೆಕ್ಕೆ ಹರಿಯುತ್ತದೆಂದು ನಪಾಸು. ಕಳ್ಳಕವಟಗಿ ಊರಿನ ಹೊಲದ ಕರಿ ಹರಳುಕಲ್ಲು ಪಾಸು. ಬಾವಿಯ ಪಾಚಿಯೂ ಪಾಸು.

ನಾನು ಆಗ ಬಬಲೇಶ್ವರದ ಒಂದು ಶಾಲೆಯಲ್ಲಿ ಮಾಸ್ತರ. ತಪಾಸಣೆಗೆ ಸಾಹೇಬರು ಬರುವವರಿದ್ದರು. ಮುಖ್ಯೋಪಾಧ್ಯಾಯ ಯಲಗೂರಪ್ಪನವರಿಗೆ ಶಾಲೆಯಲ್ಲೊಂದು ಮೀನಿನ ಪೆಟ್ಟಿಗೆ ಇರಲಿ ಎನ್ನಿಸಿತು. ನಾನು ಚಮನಸಾಬನ ಹೆಸರು ಹೇಳಿದೆ. ಆತ ಹೊಸ ಪೆಟ್ಟಿಗೆ ಮಾಡಿದ. ಮೀನುಗಳ ಜೊತೆಗೆ ಬಣ್ಣ ಬಳಿದ ಕೋಟೆಯೊಂದನ್ನೂ ಸೊಲ್ಲಾಪುರದಿಂದ ತಂದ.

“ಮೊದಲ ನನ್ನ ಬಕೀಟಿನ್ಯಾಗ ಇಡ್ರಿ,” ಅಂದಳು ಪೀರಾಂಬಿ. ಚಮನಸಾಬ ಗೊಣಗುತ್ತಲೇ ಇಟ್ಟ. ಮರುದಿನ ನೀರು ಕೆಂಪಗಾಗಿ ಬಾವಿ ಮೀನು ಮೇಲೆ ಬಂದು ಬಾಯಿ ಬಿಡತೊಡಗಿತ್ತು. ಆಕೆ ಅದನ್ನು ಉಳಿಸಿಕೊಂಡು ಗಂಡನ ಮುಖ ನೋಡಿದಳು. ಆತ ಕೋಟೆಯನ್ನು ತಾನೇ ತಿಪ್ಪೆಗೆ ಎಸೆದ.

“ಹಂಗಾದ್ರ ಏನ ಇಡೂಣು?” ಅಂದ.

ಆಕೆ ಎಲ್ಲವನ್ನೂ ತಯಾರು ಮಾಡಿಟ್ಟಿದ್ದಳು. ತಿಕೋಟಾದ ಕುಂಬಾರ ಕರೆಪ್ಪನಿಗೆ ಹೇಳಿ, ಬಾಗಿಲು ಕೊರೆದ ಚಿಕ್ಕ ಗಡಿಗೆಯನ್ನು ಸುಡಿಸಿ ತರಿಸಿ, ಬಕೀಟಿನಲ್ಲಿ ಪಾಸೂ ಮಾಡಿಸಿದ್ದಳು. ಅದನ್ನು ಹರಳಿನ ಮೇಲೆ ಬೋರಲು ಹಾಕಿ ಸುತ್ತ ಪಾಚಿ ನೆಟ್ಟರೆ ಥೇಟ್ ಗೋಳಗುಮ್ಮಟ! ಶಾಲೆಯ ಖೋಲಿಯಲ್ಲಿ ಮೀನು ಬಿಟ್ಟ ದಿನ ಮಕ್ಕಳು ಕಿಟಕಿಗೆ ಜೋತುಬಿದ್ದವು.

ತಪಾಸಣೆಯ ಹಿಂದಿನ ದಿನ ಶಾಲೆಗೆಲ್ಲ ಸುಣ್ಣ ಬಳಿಯುವ ಗಡಿಬಿಡಿ. ಶಿಪಾಯಿ ಮರೆಪ್ಪ ಸುಣ್ಣದ ಬಕೀಟು ಹಿಡಿದು ಮೀನಿನ ಖೋಲಿಗೂ ಬಂದ. ತಪಾಸಣೆ ಮುಗಿಯುವತನಕ ಮೀನಿಗೆ ಕಾಳು ಹಾಕಲು ಗಂಡನ ಜೊತೆ ವಿಜಾಪುರದಿಂದ ಬಂದಿದ್ದ ಪೀರಾಂಬಿ ಬಾಗಿಲಿಗೆ ಅಡ್ಡ ನಿಂತಳು.

“ಒಂದ ಹನಿ ಸಿಡಿದ್ರೂ ಮೀನ ಉಳಿಯಂಗಿಲ್ಲ. ನಾ ಸರಿಯಂಗಿಲ್ಲ!”

ಯಲಗೂರಪ್ಪನವರು ಸಿಟ್ಟಿಗೆದ್ದರು. ಒಂದೇ ಖೋಲಿ ಹಳೆಯದಾಗಿ ಉಳಿದರೆ ಸಾಹೇಬರ ಮುಂದೆ ಮರ್ಯಾದೆ ಏನಾಗಬೇಕು? ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಹೇಡಿ. ಆಗ ಚಮನಸಾಬ ಹೆಂಡತಿಯ ಪಕ್ಕಕ್ಕೆ ಹೋಗಿ ನಿಂತ.

“ಆಕಿ ಹೇಳಿದಂಗ ಮಾಡ್ರಿ ಸರ್. ಆಕಿಗೆ ಗೊತ್ತೈತಿ.”

ಮರುದಿನ ಸಾಹೇಬರು ನೇರವಾಗಿ ಅದನ್ನೇ ಕೇಳಿದರು: “ಈ ಖೋಲಿಗೆ ಸುಣ್ಣ ಯಾಕಿಲ್ಲ?” ಯಲಗೂರಪ್ಪನವರು ಬೆವರಿದರು. ಪೀರಾಂಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ನಾ ಬ್ಯಾಡ ಅಂದೇನ್ರಿ. ಸುಣ್ಣ ಹಚ್ಚಿ ಮೂರ ಮೀನ ಕೊಂದಾಕಿ ನಾನ. ಇವನ್ನ ಸಾಯಾಕ ಬಿಡಂಗಿಲ್ಲ.”

ಸಾಹೇಬರು ಗಾಜಿನ ಹತ್ತಿರ ಬಗ್ಗಿದರು. ಗುಮ್ಮಟದ ಬಾಗಿಲಿನಿಂದ ಒಂದು ಕೆಂಪು ಮೀನು ಹೊರಬಂದು, ಸುತ್ತು ಹೊಡೆದು, ಮತ್ತೆ ಒಳಹೋಯಿತು. ಅವರು ಮಗುವಿನ ಹಾಗೆ ನಕ್ಕುಬಿಟ್ಟರು. ತಪಾಸಣೆಯ ಪುಸ್ತಕದಲ್ಲಿ ಬರೆದರು: ‘ಮೀನಿನ ಕೋಣೆಗೆ ಸುಣ್ಣ ಬೇಡ. ಪೀರಾಂಬಿಯವರ ಮಾತು ನಡೆಯಲಿ.’ ಅದನ್ನು ನಮ್ಮ ಓಣಿಯ ಬಾಯಲ್ಲಿ ನಿಂತು ಗಟ್ಟಿಯಾಗಿ ಹೇಳಿದವನು ನಾನೇ. ಅಂದು ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಚಮನಸಾಬ ಅಟ್ಟದಿಂದ ಆ ಹಳೆಯ ಪೆಟ್ಟಿಗೆಯನ್ನು ಇಳಿಸಿ, ಒರೆಸಿ, ಹೆಂಡತಿಯ ಮುಂದಿಟ್ಟ.

“ಕೈ ಹಚ್ಚು ಪೀರಾಂಬಿ. ಸೊಲ್ಲಾಪುರದಿಂದ ಯಾವ ಮೀನ ತರಲಿ?”

ಆಕೆ ಹಿತ್ತಲಿಗೆ ಹೋಗಿ ಬಕೀಟು ಎತ್ತಿ ತಂದಳು.

“ಮೊದಲ ಈ ಬಾವಿ ಮೀನ ಬಿಡೂಣು,” ಅಂದಳು. “ಪರೀಕ್ಷಾ ಎಲ್ಲಾ ಬರೆದದ್ದು ಇದು.”